ಠರಾವು ನಂಬರು ಏಳು

ಗ್ರಾಮಸಭೆಯ ಮಾತು ಕನ್ನಡದಲ್ಲಿ ಆಗುತ್ತದೆ,
ವಹಿಯಲ್ಲಿ ಅದು ಮರಾಠಿಯಾಗಿ ಕೂರುತ್ತದೆ.
ನಡುವೆ ಇರುವವಳು ನಾನು,
ಪಂಚಾಯತಿಯ ಕಂಪ್ಯೂಟರ್ ಬಾಯಿ,
ತಿಂಗಳಿಗೆ ಆರು ಸಾವಿರದ ಒಂಬೈನೂರು, ಅದೂ ಬಂದರೆ.
ನನ್ನ ಮೇಜಿನ ಒಂದು ಕಾಲು ಯಾವಾಗಲೂ ಅಲುಗುತ್ತದೆ.

ಜತ್ತ ತಾಲೂಕಿನ ಕೊನೆಯ ಊರು ನಮ್ಮದು.
ಗಡಿಗಲ್ಲು ದಾಟಿದರೆ ವಿಜಯಪುರದ ಟವರು ಸಿಕ್ಕು
ಫೋನು, ಕರ್ನಾಟಕಕ್ಕೆ ಸ್ವಾಗತ, ಎನ್ನುತ್ತದೆ.
ಅದಕ್ಕಿಂತ ಹೆಚ್ಚಿನ ಸ್ವಾಗತ ಯಾರೂ ಹೇಳಿದ್ದಿಲ್ಲ.

ಈ ಸಲದ ವಿಷಯ ಕನ್ನಡ ಸಾಲಿಯ ಎಂಟನೇ ಇಯತ್ತೆ.
ಪಟದ ಮೇಲೆ ಹದಿನೇಳು ಮಕ್ಕಳು,
ಇಪ್ಪತ್ತು ಬೇಕು ಅನ್ನುತ್ತದೆ ಸಾಂಗಲಿಯ ಕಾಗದ.

ಅಪ್ಪರಾಯ ಬಿರಾದಾರರು ಟೊಪ್ಪಿಗೆ ಸರಿಮಾಡಿಕೊಂಡು ಎದ್ದರು:
“ತಾಯಿ ಹಾಲು ಬಿಡಿಸಿ ಡಬ್ಬಿ ಹಾಲು ಕುಡಸ್ತೀರೇನು?”
ಚಪ್ಪಾಳೆ.
ತಾನಾಜಿ ಮಾಳಿಯವರು ಕೂತಲ್ಲಿಂದಲೇ:
“ಕಲಸ್ರಿ, ಯಾರು ಬ್ಯಾಡಂದ್ರು.
ನೌಕರಿ ಅರ್ಜಿ ಯಾವ ಭಾಷಾದಾಗ ಬರೀತಾರ, ಅಷ್ಟ ಹೇಳ್ರಿ.”
ಅದೇ ಕೈಗಳ ಚಪ್ಪಾಳೆ.
ನಾನು ಬರೆದೆ: ಸಾಧಕಬಾಧಕ ಚರ್ಚಾ ಝಾಲಿ.

ಹಿಂದಿನಿಂದ ಯಾರೋ,
“ಅಪ್ಪರಾಯಪ್ಪ, ನಿಮ್ಮ ಮೊಮ್ಮಕ್ಕಳು ಮಿರಜದಾಗ
ಇಂಗ್ಲೀಷ್ ಸಾಲಿಗೆ ಹೋಗ್ತಾವಲ್ಲ?”
ನಗು ಬರಬೇಕಿತ್ತು, ಬರಲಿಲ್ಲ.
ಮುದುಕ ಮೈಕು ಕೆಳಗಿಳಿಸಿದ.
“ಹೌದು. ನಾ ಏನು ಮಾಡಬೇಕಿತ್ತು, ನೀವ ಹೇಳ್ರಿ.”
ಫ್ಯಾನು ತಿರುಗಿತು.
ನನ್ನ ಚೀಲದಲ್ಲಿ ನನ್ನ ಮಗಳ ದಾಖಲಾತಿ ಅರ್ಜಿ ಇತ್ತು,
ಮಾಧ್ಯಮ ಅನ್ನುವಲ್ಲಿ ಖಾಲಿ.
ನಾನು ವಹಿಯ ಮೇಲೆ ಇನ್ನಷ್ಟು ಬಗ್ಗಿದೆ.

ಆಮೇಲೆ ಸೈಫನ್ ಎದ್ದ.
ಪೊಲೀಸ್ ಭರ್ತಿಯಲ್ಲಿ ಹದಿನಾರು ನೂರು ಮೀಟರು
ಐದು ನಿಮಿಷ ಎರಡು ಸೆಕೆಂಡಿಗೆ ಓಡಿದವನು.
“ಕಾಲು ಯಾವ ಭಾಷಾದಾಗ ಓಡ್ತಾವಂತ ಯಾರೂ ಕೇಳಲಿಲ್ರಿ.
ಮರುವಾರ ಪೇಪರ ಕೊಟ್ರು.
ಒಂದು ಗಾದಿ ಅರ್ಥ ಬರಿ ಅಂದ್ರು.
ಕುಣೀಲಿಕ್ಕೆ ಬರಲಾರದಾಕಿ ನೆಲ ಡೊಂಕ ಅಂದ್ಳಂತ,
ನಮ್ಮವ್ವ ದಿನಾ ಅಂತಾಳ್ರಿ ಅದನ್ನ.
ಪೇಪರಿನ್ಯಾಗ ನೆಲ ಹೋಗಿ ಅಂಗಳ ಆಗಿತ್ತು, ಮರಾಠಿ ಆಗಿತ್ತು,
ಗುರುತು ಸಿಗಲಿಲ್ಲ.
ಎರಡು ಮಾರ್ಕ ಕಡಿಮಿ ಬಿತ್ತು.”

ಲಾಯವ್ವ ಎದ್ದು ನಿಂತಳೇ ಹೊರತು ಮಾತಾಡಲಿಲ್ಲ,
ಕಾಗದ ಎತ್ತಿ ತೋರಿಸಿದಳು.
ವಿಜಯಪುರದ ನರ್ಸಿಂಗ್ ಕಾಲೇಜು
ನೀನು ಗಡಿನಾಡ ಕನ್ನಡತಿ ಅಂತ ಬರೆಸಿಕೊಂಡು ಬಾ ಅಂದಿತ್ತು,
ಜತ್ತದ ತಹಶೀಲ ಕಚೇರಿ
ಅಂಥ ನಮೂನೆ ನಮ್ಮಲ್ಲಿಲ್ಲ ಅಂದಿತ್ತು.
ಸಿಕ್ಕಾ ಬೀಳಬೇಕಾದ ಜಾಗ ಬೆಳ್ಳಗೆ,
ಓಡಾಡಿ ಓಡಾಡಿ ಮಡಿಕೆಗಳಲ್ಲಿ ಹರಿದಿತ್ತು.
“ಇದನ್ನ ಏನಂತ ಬರೀಲಿ?” ಕೇಳಿದೆ ಗ್ರಾಮಸೇವಕರನ್ನು.
“ಇತರ ವಿಷಯ,” ಅಂದರು.

ಠರಾವು ನಂಬರು ಏಳು:
ಎಂಟನೇ ಇಯತ್ತೆ ಉಳಿಸಬೇಕೆಂದು ವಿನಂತಿ,
ತರುಣರಿಗೆ ಒಂದು ದಿವಸದ ಮಾರ್ಗದರ್ಶನ ಶಿಬಿರ, ಊಟದ ಸಮೇತ.
ಸೂಚಕ ಬಿರಾದಾರ, ಅನುಮೋದಕ ಮಾಳಿ.
ಸರ್ವಾನುಮತೇ ಮಂಜೂರ್.
ಚಹಾ ಬಂತು. ಇಬ್ಬರೂ ಒಂದೇ ಬಶಿಯಿಂದ ಬಿಸ್ಕೀಟು ತೆಗೆದುಕೊಂಡರು.

ಸಂಜೆ ಕಚ್ಚಾ ನೋಡಿ ಪಕ್ಕಾ ಬರೆಯುತ್ತ ಕೂತಿದ್ದೆ.
ಸೈಫನ್ ಬಾಗಿಲಿಗೆ ಬಂದ.
“ಅಕ್ಕಾ, ನಂದೇನು ಬರದಿ?”
ಓದಿದೆ: ಭಾಷೇಚೀ ಅಡಚಣ ಮಾಂಡಲೀ.
“ಮೂರ ಶಬ್ದ,” ಅಂದ,
“ಈಗ ನೋಡು, ಇದು ತಿಳೀತದ ನನಗ.”
ನಾನು ಬರೆಯುತ್ತಿದ್ದ ಹಾಗೆ ಮೇಜು ಅಲುಗುತ್ತಿತ್ತು,
ಬಗ್ಗಿ ನೋಡಿದ.
ನನ್ನ ಕನ್ನಡದ ಕಚ್ಚಾ ಕಾಗದ,
ಅವನ ಓಟ, ಅವನವ್ವನ ಗಾದೆ, ಲಾಯವ್ವನ ಸುಮ್ಮನೆ,
ಎಲ್ಲ ಇದ್ದದ್ದು,
ನಾಕು ಮಡಿಕೆ ಮಾಡಿ ಕಾಲಿನ ಬುಡಕ್ಕೆ ತುರುಕಿದ.
“ಮೇಜು ಬರೋಬರಿ ಅದ,
ನೆಲಾನೇ ಡೊಂಕ ಅದ ಅಕ್ಕಾ,” ಅಂದು ಹೋದ.

ಮಗಳ ಅರ್ಜಿ ತೆಗೆದು ಮುಂದಿಟ್ಟುಕೊಂಡೆ.
ಪೆನ್ನು ಬರೆಯುತ್ತಿತ್ತು, ಮೇಜು ಗಟ್ಟಿ ನಿಂತಿತ್ತು,
ನೆಪ ಒಂದೂ ಉಳಿದಿರಲಿಲ್ಲ.
ನಾಳೆ ಕೊನೆಯ ತಾರೀಖು.
ಅಷ್ಟರಲ್ಲಿ ಲೈಟು ಹೋಯಿತು,
ನಾನು ಏಳಲಿಲ್ಲ.