ಎರಡು ಕಪ್ಪು

ಮುಹರಕ್‌ನ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ
ಹಳೆ ಪತ್ರಿಕೆಗಳನ್ನು ಟೇಪಿನಿಂದ ಜೋಡಿಸಿ
ನೆಲಕ್ಕೆ ಹಾಸಿದ್ದೇನೆ, ಯಂತ್ರದ ಅಳತೆಗೆ ಸರಿಯಾಗಿ:
ಮೂರೂವರೆ ಅಡಿ ಉದ್ದ, ಎರಡೂಕಾಲು ಅಗಲ.
ಸೋಫಾ ಗೋಡೆಗೆ ಸರಿಯಿತು.
ಇಸ್ತ್ರಿ ಮೇಜು ಬಾಲ್ಕನಿ ಸೇರಿತು.
"ಇನ್ನೂ ಬಂದೇ ಇಲ್ಲ, ಆಗಲೇ ಬಾಡಿಗೆ ಕೊಡದೆ ಕೂತಿದೆ"
ಅಂದಳು ಸಾಜಿದಾ.

ಓದಿ ಹೇಳಿದೆ ಅವಳಿಗೆ:
ಹನ್ನೊಂದು ಶಾಯಿ, ಕಪ್ಪಿನಲ್ಲೇ ಎರಡು,
ಮಿನುಗುವ ಕಾಗದಕ್ಕೊಂದು, ಮಿನುಗದ್ದಕ್ಕೊಂದು.
ಹೆಸರುಕಾಳಿನ ಕಲ್ಲು ಆರಿಸುತ್ತಲೇ ಅಂದಳು,
"ನನ್ನ ಕಾಡಿಗೆಗೆ ಒಂದೇ ಕಪ್ಪು.
ಅದೂ ಮುಗಿದು ತಿಂಗಳಾಯಿತು."

ಮನಾಮದ ಲ್ಯಾಬಿನಲ್ಲಿ ಹಾಳೆಗೆ ಆರು ದಿನಾರ್.
ಯಂತ್ರಕ್ಕೆ ನಾನೂರ ಎಂಬತ್ತು.
ಭಾಗಿಸಿದರೆ ಎಂಬತ್ತು ಹಾಳೆ;
ಶಾಯಿ, ಕಾಗದ, ಕೆಟ್ಟುಹೋಗುವ ಪ್ರತಿಗಳು ಸೇರಿ
ನೂರೈವತ್ತು ಅನ್ನಿ.
ನೂರೈವತ್ತು ಸಲ ದೊಡ್ಡದು ಮಾಡಿ ನೋಡುವಂಥದ್ದು
ಏನಿದೆ ನನ್ನ ಹತ್ತಿರ?
ಲ್ಯಾಪ್‌ಟಾಪಿನಲ್ಲಿ ಎಂಟು ಸಾವಿರ ಚಿತ್ರ,
ಅದರಲ್ಲಿ ಆರು ಸಾವಿರ, ಒಂದೇ ದೋಣಿ.

ಹಗಲೆಲ್ಲ ಕಂಪನಿಯಲ್ಲಿ ಚರಂಡಿಯ ನಕ್ಷೆ ಮುದ್ರಿಸುತ್ತೇನೆ,
ಬಾಗಿಲಷ್ಟು ದೊಡ್ಡ ಹಾಳೆಗಳಲ್ಲಿ.
ಶುಕ್ರವಾರ ಮಾತ್ರ ದೋಣಿ ಕಟ್ಟುವಲ್ಲಿಗೆ.
ಪಕ್ಕೆಲುಬು ತೋರಿಸಿಕೊಂಡು ನಿಂತ ಮರ,
ಅದರ ಹೊಟ್ಟೆಯೊಳಗೆ ಮಾಂಡ್ವಿಯ ಜೆರಾಮ್ ಭಾಯಿ,
ಹಲ್ಲಲ್ಲಿ ಮೊಳೆ ಕಚ್ಚಿ
ಹಲಗೆ ಹಲಗೆಯ ನಡುವಿನ ಸಂದಿಗೆ
ಎಣ್ಣೆಯದ್ದಿದ ಹತ್ತಿ ತುರುಕುತ್ತ.

ಒಮ್ಮೆ ಫೋನಿನಲ್ಲಿ ಅವರ ಮುಖ ತೋರಿಸಿದೆ.
ದಪ್ಪ ಹೆಬ್ಬೆರಳು ತಾಗಿತು;
ಮುಖ ಜಾರಿ, ಗಾಜಿನ ತುಂಬ
ಒಂದು ಮೊಳೆಯ ತಲೆ.
ಮತ್ತೊಮ್ಮೆ ಒತ್ತಿದರು. ಅದೂ ಹೋಯಿತು.
"ಚೆನ್ನಾಗಿದೆ, ಚೆನ್ನಾಗಿದೆ" ಎಂದು
ಫೋನನ್ನು ಅಂಗಿಗೆ ಒರೆಸಿ ಕೊಟ್ಟರು.
ಈ ಹುಚ್ಚು ಅಂದಿನದು.

ಅಂಗಡಿಯ ಸಿನಾನ್, ಪಾಪ, ಸುಳ್ಳು ಹೇಳುವವನಲ್ಲ:
"ವಾರಕ್ಕೊಂದಾದರೂ ಮುದ್ರಿಸಬೇಕು ಇಕ್ಕಾ,
ಇಲ್ಲದಿದ್ದರೆ ಅದರ ಮೂಗು ಕಟ್ಟುತ್ತೆ,
ಬಿಡಿಸಲು ಅದೇ ಶಾಯಿಯನ್ನು ಕುಡಿಯುತ್ತೆ.
ರಜೆಗೆ ಊರಿಗೆ ಹೋದರೂ ಏಸಿ ಆರಿಸಬೇಡಿ,
ಆಗಸ್ಟಿನ ತೇವಕ್ಕೆ ಕಾಗದ ಹಪ್ಪಳವಾಗುತ್ತೆ."
ನಲವತ್ತು ದಿನ ಖಾಲಿ ಮನೆಯಲ್ಲಿ
ಯಂತ್ರವೊಂದೇ ತಂಪಾಗಿ ಮಲಗುವುದನ್ನು ಊಹಿಸಿದೆ.
ತೂಕ ಕೇಳಿದೆ. ನಲವತ್ತಾರು ಕಿಲೋ.
ವೀಸಾ ಮುಗಿದ ದಿನ ವಿಮಾನ ಬಿಡುವುದು ಮೂವತ್ತು.
ಇಷ್ಟರ ಮೇಲೆ, ಗೋಡೆಗೆ ಮೊಳೆ ಹೊಡೆಯಕೂಡದೆಂದು
ಮನೆಮಾಲೀಕನ ಕರಾರು.

ಒಂಬತ್ತು ದಿನವಾಯಿತು ಪತ್ರಿಕೆ ಹಾಸಿ.
ನಡುರಾತ್ರಿ ನೀರಿಗೆ ಎದ್ದವರೂ
ಕತ್ತಲಲ್ಲಿ ಅದನ್ನು ಬಳಸಿಯೇ ನಡೆಯುತ್ತೇವೆ.
ನಿಹಾಲಾ ಮಾತ್ರ ಅದರ ನಟ್ಟನಡುವೆ ಕೂತು
ಮಗ್ಗಿ ಬರೆಯುತ್ತಾಳೆ.

ಗುರುವಾರ ತಡೆಯಲಾಗದೆ ಲ್ಯಾಬಿಗೆ ಆರು ದಿನಾರ್ ಕೊಟ್ಟೆ.
ಮರುದಿನ ಸುರುಳಿ ಬಿಚ್ಚಿ ಹಿಡಿದೆ ಜೆರಾಮ್ ಭಾಯಿಯ ಮುಂದೆ,
ಅವರಿಗಿಂತ ದೊಡ್ಡ ಅವರ ಮುಖ.
ಮುಖವನ್ನು ಅವರು ನೋಡಲೇ ಇಲ್ಲ.
ಕಿವಿಯ ಹಿಂದಿನ ಹಲಗೆಗೆ ಮೂಗು ತಾಗುವಷ್ಟು ಬಾಗಿ
"ಇಲ್ಲಿ ಎಳೆ ಸಡಿಲ" ಎಂದರು.
ಉಳಿ ಸುತ್ತಿಗೆ ಹಿಡಿದು ಎದ್ದು ಹೋದರು.

ಆಮೇಲೆ ಚಹಾ ಕುಡಿಯುತ್ತ,
"ನೀನೇ ಇಟ್ಟುಕೋ. ನಮ್ಮ ರೂಮಿನಲ್ಲಿ ಎಂಟು ಮಂಚ."

ಮನೆಗೆ ತಂದು ಪತ್ರಿಕೆಯ ಮೇಲೆ ಹಾಸಿದೆ.
ಸುತ್ತ ಅಂಚಿನಲ್ಲಿ ಹಳೆಯ ಸುದ್ದಿ ಇಣುಕುತ್ತಿತ್ತು.
ಸಾಜಿದಾ ಕೈ ಒರೆಸಿಕೊಂಡು ಬಂದು ಕುಕ್ಕರುಗಾಲಲ್ಲಿ ಕೂತಳು.
ದೋಣಿಯ ಹೊಟ್ಟೆಯ ಕತ್ತಲ ಹತ್ತಿರ,
ತಾಗಿಸದೆ, ಬೆರಳು ಹಿಡಿದು ಕೇಳಿದಳು:
"ಇದು ಎರಡರಲ್ಲಿ ಯಾವ ಕಪ್ಪು?"

ಗೊತ್ತಿಲ್ಲ ಅಂದೆ.
ಶನಿವಾರ ಲ್ಯಾಬಿನಲ್ಲಿ ಕೇಳಬೇಕು.