ಲಾಂಡ್ರಿಯ ಲೆಕ್ಕ

ಮಂಗಳವಾರವೇ ಒಗೆದುಬಿಟ್ಟಿದ್ದೆ.
ಗುರುವಾರ ಮಧ್ಯಾಹ್ನ ವಿಮಾನ ಬಿತ್ತು.

ವಿಮಾನವೆಂದರೆ ನಾವು ಹತ್ತಿ ಬಂದಂಥದ್ದಲ್ಲ,
ನಾಲ್ಕು ಸೀಟು, ಒಂದೇ ಪಂಖ,
ನಮ್ಮೂರ ಮೀನಿನ ಟೆಂಪೋದಷ್ಟು ಉದ್ದ.
ರಾಸ್ ಅಲ್ ಖೈಮಾದ ಬೋಳು ಗುಡ್ಡಗಳ ಆಚೆಯಿಂದ ಬಂದು
ಕಾಂಡ್ಲಾ ಗಿಡಗಳ ಕೆಸರಲ್ಲಿ ಮೂಗು ಊರಿತಂತೆ.
ಇಳಿತದ ಹೊತ್ತು. ಸೊಂಟದ ಮಟ್ಟ ನೀರೂ ಇರಲಿಲ್ಲ.

ಒಳಗೆ ಖಲ್ಫಾನ್ ಇದ್ದ, ನಮ್ಮ ಕ್ಲಬ್ಬಿನ ಗೋಲ್‌ಕೀಪರ್.
ನಮ್ಮ ಅಂದೆ ನೋಡಿ.
ಹನ್ನೊಂದು ವರ್ಷ ಆ ಕ್ಲಬ್ಬಿನ ಬೆವರು ತೊಳೆದವನು
ಒಂದು ಆಟವನ್ನೂ ಪೂರ್ತಿ ನೋಡಿಲ್ಲ.
ಅವನನ್ನು ಬಲ್ಲದ್ದು ಮೊಣಕೈಯ ಹಸಿರು ಕಲೆಯಿಂದ:
ಎಡಗಡೆ ಹೆಚ್ಚು. ಎಡಕ್ಕೇ ಹಾರುತ್ತಿದ್ದ.

ಸಂಜೆಗೆ ನಖೀಲ್ ಪೇಟೆ ಮೆತ್ತಗಾಯಿತು.
ಪಠಾಣ ಡ್ರೈವರು ಹಾಡು ನಿಲ್ಲಿಸಿದ.
ಶಾಲೆ ಹುಡುಗರು ಕೆಸರಿಗಿಳಿದು ಬಿಳಿ ಚೂರು ಹೆಕ್ಕಿದರು,
ಪೊಲೀಸರು ಜೇಬು ತಡವಿ ಕಿತ್ತುಕೊಂಡರು.
ಫುಜೈರಾದಲ್ಲಿ ಮದುವೆಗೆ ಹೋಗಿದ್ದನಂತೆ,
ಅಲ್ಲ, ಬರೀ ಊಟಕ್ಕಂತೆ,
ರಸ್ತೆಗೇನು ಬರಗಾಲವೇ ಅಂತ ಒಬ್ಬ, ಅತ್ತುಕೊಂಡೇ.
ಕಾರುಗಳ ಹಿಂಗಾಜಿನ ಮೇಲೆ ಇಪ್ಪತ್ತೆರಡು, ಇಪ್ಪತ್ತೆರಡು,
ಸ್ಟಿಕರ್ ಅಂಗಡಿಯವನಿಗೆ ಊಟಕ್ಕೂ ಬಿಡುವಿಲ್ಲ.
ಮೊಯ್ದೂಟ್ಟಿಯ ಕೆಫೆಟೇರಿಯಾದಲ್ಲಿ
ಕರಕ್ ಚಹಾದ ಲೋಟದ ಮೇಲೂ ಅವನ ಮುಖ.
ಕುಡಿದು ಬಿಸಾಡುವಾಗ ಜನ ತುಸು ತಡೆದರು,
ಆಮೇಲೆ ಬಿಸಾಡಿದರು.

ರಂಜಾನಿಗೆ ಮುಂಚಿನ ಆಟದಲ್ಲಿ
ಕಾಲ ಸಂದಿಯಲ್ಲಿ ಚೆಂಡು ನುಸುಳಿದಾಗ
ಇದೇ ಬಾಯಿಗಳು
ಕೈಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದಾನೆ ಅಂದಿದ್ದವು.
ಇರಲಿ. ಎಲ್ಲ ಬಟ್ಟೆಗೂ ಒಳಮಗ್ಗುಲು ಇರುತ್ತದೆ.

ಶುಕ್ರವಾರ ನಮಾಜು ಮುಗಿಸಿ ಒಬ್ಬ ಬಂದ.
ಇಸ್ತ್ರಿ ಕೆಡದ ಕಂದೂರ, ಊದಿನ ಘಮ.
ಅಂಗಿ ಇದೆಯಾ?
ಇದೆ.
ಒಗೆಯದ್ದು?
ಒಗೆದಾಯಿತು ಅಂದೆ.
ಕಳ್ಳನನ್ನು ನೋಡುವ ಹಾಗೆ ನೋಡಿದ.
ಮೂರು ಸಾವಿರ ಕೊಡುತ್ತೇನೆ,
ಬೆವರಿದ್ದಿದ್ದರೆ ಐದು ಕೊಡುತ್ತಿದ್ದೆ.
ಹುಟ್ಟಿದಾಗಿನಿಂದ ಯಾರೂ ನನ್ನನ್ನು
ಒಗೆದದ್ದಕ್ಕೆ ಬೈದಿರಲಿಲ್ಲ.

ನಮ್ಮಲ್ಲಿ ಒಗೆದ ಬಟ್ಟೆಗೆ ಮಡಿ ಅನ್ನುತ್ತಾರೆ,
ಸತ್ತವನಿಗೂ ಮಡಿದ ಅನ್ನುತ್ತಾರೆ.
ಅಂಕೋಲೆಯಲ್ಲಿ ಅಪ್ಪ
ಸೂತಕದ ಮನೆಯ ಗಂಟು ಹೊತ್ತು ಬರುವಾಗ
ನನಗೆ ಎರಡೂ ಒಂದೇ ಮಾತೆಂದೇ ತಿಳಿದಿತ್ತು.
ಅಂಗಿಯನ್ನು ಮಡಿಸಿ ಮೇಲಿನ ಹಲಗೆಗೆ ಇಟ್ಟೆ.
ಕೊಡಲಿಲ್ಲ.

ಶನಿವಾರ ದೊಡ್ಡ ಕಾರು, ಇಂಜಿನ್ ಆರಿಸದೆ ನಿಂತಿತು.
ಹಿಂದಿನ ಸೀಟಲ್ಲಿ ಕಪ್ಪು ಅಬಾಯ,
ಕಂಡದ್ದು ಒಂದು ಕೈ ಮಾತ್ರ, ಗೋರಂಟಿ ಮಾಸಿದ್ದು.
ಡ್ರೈವರ್ ಚೀಟಿ ಚಾಚಿದ. ಒಂಬತ್ತು ದಿರ್ಹಮ್.
ಬೇಡ ಅಂದೆ.
ತಗೋ, ತಾಯಿ ಹೇಳಿದ್ದಾರೆ,
ಹೋದವನ ತಲೆ ಮೇಲೆ ಸಾಲ ಉಳಿಯಬಾರದು.
ಎಣಿಸಿಕೊಂಡೆ. ಪುಸ್ತಕದಲ್ಲಿ ಗೆರೆ ಎಳೆದೆ.
ಎಡ ಮೊಣಕೈಯ ಕಲೆ ಪೂರ್ತಿ ಹೋಗಿಲ್ಲ
ಅಂತ ಹೇಳಬೇಕೆಂದು ಹೊರಗೆ ಬಂದೆ.
ಕಾರು ತಿರುವು ದಾಟಿತ್ತು.

ಅದೇ ಪುಟದಲ್ಲಿ ಕೆಳಗಿನ ಸಾಲು:
ರೆನಾಟೊ, ಫ್ಲೈಯಿಂಗ್ ಕ್ಲಬ್, ಬಿಳಿ ಅಂಗಿ ಒಂದು, ಎರಡೂವರೆ.
ಹೆಗಲ ಮೇಲೆ ಪಟ್ಟಿ ಸಿಕ್ಕಿಸುವ ಕುಣಿಕೆ.
ವಿಮಾನ ಓಡಿಸಿದವನು.
ಪೇಟೆಯಲ್ಲಿ ಅವನಿಗೆ ಹೆಸರಿಲ್ಲ, ಆ ಫಿಲಿಪ್ಪಿನಿ, ಅಷ್ಟೆ.
ಕುಡಿದಿದ್ದ ಅಂತ ಮೊಯ್ದೂಟ್ಟಿ,
ತೂಕಡಿಸಿದ್ದ ಅಂತ ಕ್ಷೌರದವನು.
ಖಲ್ಫಾನನೇ ಆಸೆಪಟ್ಟು ಒಂದು ಗಳಿಗೆ
ಹಿಡಿಕೆ ಕೇಳಿರಬಹುದು ಅಂತ ಯಾರೂ ಅನ್ನಲಿಲ್ಲ.
ನಾನೂ ಅನ್ನಲಿಲ್ಲ. ಅಂಗಡಿ ನಡೆಯಬೇಕಲ್ಲ.
ಅವನ ಬೆವರಿಗೆ ಗಿರಾಕಿ ಇಲ್ಲ.

ತಿಂಗಳಾಯಿತು. ಸ್ಟಿಕರುಗಳ ತುದಿ ಬಿಸಿಲಿಗೆ ಏಳುತ್ತಿದೆ.
ಗೋಲಿನಲ್ಲಿ ಈಗ ಹೊಸ ಹುಡುಗ,
ಅವನ ಕಲೆ ಎರಡೂ ಕಡೆ ಸಮ.
ನಿನ್ನೆ ರಾತ್ರಿ ಷಟರ್ ಇಳಿಸುವ ಮೊದಲು
ಜೇಬಿನಿಂದ ಎರಡೂವರೆ ತೆಗೆದು ಗಲ್ಲಾಕ್ಕೆ ಹಾಕಿ
ಆ ಸಾಲಿಗೂ ಗೆರೆ ಎಳೆದೆ.

ಅಂಗಿ ಹಾಗೇ ತೂಗುತ್ತಿದೆ.
ಮೂರನೆಯ ಗುಂಡಿ ಇರಲಿಲ್ಲ, ಹೊಲಿದಿದ್ದೇನೆ.
ಬಿಳಿ ದಾರ ಮುಗಿದಿತ್ತು,
ನೀಲಿಯಲ್ಲಿ.