ಕೋಡಿ ಬಿದ್ದ ವರ್ಷ

ಮುಳಬಾಗಿಲಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ.
ಸಂಜೆ ನನ್ನ ಪಂಕ್ಚರ್ ಅಂಗಡಿಯ ಹಳೇ ಟೈರಿನ ಮೇಲೆ ಕೂತು
ಗೆದ್ದದ್ದು ಫಿಯೆಟ್ಟು ಅಂತಾನೆ ಚೌಡರೆಡ್ಡಿ.
ಥೂ, ಅಂಬಾಸಿಡರು ಅಂತಾನೆ ಬಾಬಾಜಾನ್.
ಇಬ್ಬರಿಗೂ ಮಂಡಿನೋವು, ಇಬ್ಬರಿಗೂ ಸಕ್ಕರೆ ಹಾಕದ ಟೀ,
ನಲವತ್ತಾರು ವರ್ಷದಿಂದ ಒಂದೇ ಭಾನುವಾರ.

ಕೆರೆ ಒಣಗಿದರೆ ನಮಗೆ ರೇಸು.
ಒಣಗದ ವರ್ಷ ಯಾವುದಿತ್ತು ಆಗ?
ಹಪ್ಪಳದ ಹಾಗೆ ಬಿರಿದ ನೆಲಕ್ಕೆ
ಎತ್ತು ಕಟ್ಟಿ ಕಣದ ಗುಂಡು ಎಳೆಸಿ
ಜಾಲಿಮರದಿಂದ ತೂಬಿಗೆ, ತೂಬಿನಿಂದ ಜಾಲಿಮರಕ್ಕೆ
ಸುಣ್ಣದ ಗೆರೆ. ಮೊಟ್ಟೆಯಾಕಾರ,
ಅದೂ ಕೋಳಿ ಅವಸರದಲ್ಲಿ ಇಟ್ಟ ಮೊಟ್ಟೆ.

ರೇಸಿನ ಕಾರು ಅಂತ ಬೇರೆ ಇರಲಿಲ್ಲ.
ಶನಿವಾರ ಬಸುರಿಯನ್ನು ಕೋಲಾರದ ದೊಡ್ಡಾಸ್ಪತ್ರೆಗೆ ಒಯ್ದ ಟ್ಯಾಕ್ಸಿಯೇ
ಭಾನುವಾರ ಬಾಗಿಲಿಗೆ ಹಗ್ಗ ಬಿಗಿದು
ಬಾನೆಟ್ಟಿಗೆ ನಂಬರು ಬಳಿಸಿಕೊಂಡು ನಿಲ್ಲುತ್ತಿತ್ತು.
ಕಳಚಿದ ಹಿಂದಿನ ಸೀಟು ಕಟ್ಟೆಯ ಮೇಲೆ,
ಅದರಲ್ಲಿ ಕೂರುವುದಕ್ಕೇ ಅರ್ಧ ಹೊಡೆದಾಟ.
ಸೋಮವಾರ ಅದೇ ಸೀಟಿನಲ್ಲಿ ಮದುವೆ ಹೆಣ್ಣು.
ಧಾರೆ ಸೀರೆಗೆ ನಮ್ಮ ಕೆರೆಯ ಗೋಡು.

ಫಿಯೆಟ್ಟಿಗೆ ಖಾಸಿಂ, ಚಿನ್ನದ ಗಣಿಯಲ್ಲಿ ಪಂಪು ರಿಪೇರಿ ಮಾಡುವವನು,
ಇಂಜಿನ್ನಿಗೆ ಕಿವಿಗೊಟ್ಟರೆ ನಾಡಿ ಹಿಡಿದ ಹಾಗೆ.
ಅಂಬಾಸಿಡರಿಗೆ ಕದಿರಪ್ಪ.
ಅವನ ಡಿಕ್ಕಿಯಲ್ಲಿ ರಾತ್ರಿ ಏನು ಬರುತ್ತದೆಂದು
ಊರಿಗೂ ಗೊತ್ತಿತ್ತು, ಪೊಲೀಸರಿಗೂ ಒಂದೆರಡು ಬಾಟಲಿಯಷ್ಟು.
ಲೈಟು ಹಾಕದೆ ನಂಗಲಿ ಗಡಿ ದಾಟುವವನಿಗೆ
ಹಾಡುಹಗಲ ಕೆರೆಯಂಗಳ ಯಾವ ಲೆಕ್ಕ.

ಸುತ್ತಿನ ಲೆಕ್ಕ ನನ್ನದು.
ಒಂಬತ್ತು ವರ್ಷ, ನೂರರವರೆಗೆ ಎಣಿಕೆ ಬರುತ್ತಿತ್ತು, ಸಾಕಾಗಿತ್ತು.
ಎರಡು ಮಡಕೆ, ಒಂದು ಚೀಲ ಹುಣಸೆಬೀಜ.
ತೂಬು ದಾಟಿದ ಕಾರಿನ ಮಡಕೆಗೆ ಒಂದೊಂದು ಬೀಜ.
ಇಪ್ಪತ್ತು ಬಿದ್ದ ಕೂಡಲೇ ಅಪ್ಪ ಲುಂಗಿ ಬಿಚ್ಚಿ ಬೀಸುತ್ತಿದ್ದ.
ಪಟಾಪಟಿ ಚಡ್ಡಿ ಕಂಡರೆ ರೇಸು ಮುಗಿಯಿತೆಂದು ಅರ್ಥ.

ಆ ಕೊನೇ ಸಲ,
ಹದಿಮೂರನೇ ಸುತ್ತೋ ಹದಿನಾಲ್ಕೋ,
ದೂಳಿನೊಳಗೆ ಸೂರ್ಯ ತೊಳೆಯದ ಹಿತ್ತಾಳೆ ತಟ್ಟೆ.
ಫಿಯೆಟ್ಟಿನ ಹಗ್ಗ ಹರಿದು ಬಾಗಿಲು ರೆಕ್ಕೆ ಬಡಿಯಿತು.
ಖಾಸಿಂ ಒಂದು ಕೈಯಲ್ಲಿ ಬಾಗಿಲು ಹಿಡಿದು,
ಇನ್ನೊಂದರಲ್ಲಿ ಕಾರು ತಿರುಗಿಸಿ,
ನಮ್ಮ ಕಡೆ ನೋಡಿ ನಕ್ಕ.
ನಾನು ಎದ್ದು ನಿಂತು ಕಿರುಚಿದ್ದು ನೆನಪು.
ಮುಷ್ಟಿ ಬಿಚ್ಚಿದಾಗ ಬೆವರಿಗೆ ಅಂಟಿದ ಒಂದು ಬೀಜ.
ಯಾವ ಮಡಕೆಯದು?
ಯಾವುದೋ ಒಂದಕ್ಕೆ ಹಾಕಿದೆ.

ಹೊಡೆದಾಟ ಬಿಡಿಸಿ, ಬರುವ ಭಾನುವಾರ ಮತ್ತೆ ಅಂತ ತೀರ್ಮಾನ.
ಬುಧವಾರ ರಾತ್ರಿ ಹಿಡಿದ ಮಳೆ ಒಂಬತ್ತು ದಿನ ಬಿಡಲಿಲ್ಲ.

ಕೆರೆ ತುಂಬಿತು. ಕೋಡಿ ಬಿತ್ತು.
ತಮಟೆ ಬಂತು, ಮೊರದ ಬಾಗಿನ ತೇಲಿತು,
ಕುರಿ ಕಡಿದರು, ಅಜ್ಜಿಯಂದಿರು ನೀರಿಗೆ ಕೈಮುಗಿದರು.
ಕೋಡಿಯ ಕಲ್ಲಿನ ಹತ್ತಿರ ಹದಿನೆಂಟು ಗಂಡಸರು ಮಾತ್ರ
ಸಾವಿನ ಮನೆಗೆ ಬಂದವರ ಹಾಗೆ ಕೈಕಟ್ಟಿ ನಿಂತಿದ್ದರು.
ತುಂಬಿದ ಕೆರೆ ನೋಡಿ ಅತ್ತ ಕೋಲಾರದವರು
ಬೇರೆ ಯಾರಾದರೂ ಇದ್ದರೆ ಹೇಳಿ.
ಬಾಯಿಬಿಡುವಂಥ ದುಃಖವೇ ಅದು?
ಬಿಟ್ಟಿದ್ದರೆ ಊರು ತುಳಿಯುತ್ತಿತ್ತು.

ನೀರಿನಡಿ ಸುಣ್ಣದ ಗೆರೆ ಎಷ್ಟು ದಿನ ಇತ್ತೋ,
ಕೊರವ ಮೀನು ಎಷ್ಟು ಸುತ್ತು ಹಾಕಿದವೋ.
ಮತ್ತೆ ಒಣಗುವಷ್ಟರಲ್ಲಿ ಇಟ್ಟಿಗೆಯವರು ಬಂದು
ಆಳುದ್ದ ಗುಂಡಿ ತೋಡಿದ್ದರು.
ಖಾಸಿಂ ಯಾವುದೋ ಹಡಗು ಹತ್ತಿದನಂತೆ.
ಕದಿರಪ್ಪ ಕಾರು ಮಾರಿ ಹಿಟ್ಟಿನ ಗಿರಣಿ ಹಾಕಿದ.
ಬೆಲ್ಟು ತಿರುಗುವಾಗ ಕಣ್ಣುಮುಚ್ಚಿ, ಎಡಗೈಯಲ್ಲಿ
ಇಲ್ಲದ ಗೇರು ಬದಲಿಸುತ್ತಿದ್ದನೆಂದು
ಸುಬ್ಬಕ್ಕ ಅವನ ತಿಥಿಯ ದಿನ ಹೇಳಿದಳು. ನಗುತ್ತಲೇ ಹೇಳಿದಳು.

ಇವತ್ತು ಬಾಬಾಜಾನ್ ಒಬ್ಬನೇ ಮೊದಲು ಬಂದ.
"ಗಂಗುಲಮ್ಮಾ, ಲೆಕ್ಕ ಇಟ್ಟವಳು ನೀನು. ನಿಜ ಹೇಳು."
ಟ್ಯೂಬು ನೀರಿಗೆ ಅದ್ದಿ
ಗುಳ್ಳೆ ಏಳುವ ಜಾಗ ಹುಡುಕುತ್ತಿದ್ದೆ.
"ಫಿಯೆಟ್ಟು" ಅಂದೆ.
ನಿನ್ನೆ ಚೌಡರೆಡ್ಡಿಗೆ "ಅಂಬಾಸಿಡರು" ಅಂದಿದ್ದೆ.

ನಾಳೆಯೂ ಬರಬೇಕಲ್ಲ ಇಬ್ಬರೂ.